‘ಮತ್ತೆ ಯಾವಾಗ ಹೋಗುತ್ತೀ?’: ಪರದೇಶ ಬಿಟ್ಟು ಊರಿಗೆ ಬರುವವರ ಲೆಕ್ಕ

ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ, ಪ್ರಯಾಣಿಕರು ಹೊರಬರುವ ಬಾಗಿಲಿನ ಎದುರು ಒಂದು ತಾಸು ನಿಂತರೆ ಬೀದರ್, ಹುಮನಾಬಾದ್, ಸೇಡಂ, ಗುರುಮಠಕಲ್ ಕಡೆಯ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಬಾಡಿಗೆ ಗಾಡಿ ತಂದ ಅಣ್ಣತಮ್ಮಂದಿರು, ರಾತ್ರಿಯೆಲ್ಲ ಎಚ್ಚರವಿದ್ದ ತಾಯಂದಿರು, ಅಪ್ಪನನ್ನು ಮೊಬೈಲ್ ಪರದೆಯ ಮೇಲಷ್ಟೇ ಕಂಡ ಮಕ್ಕಳು ಅಲ್ಲಿರುತ್ತಾರೆ. ಕಲಬುರಗಿಗೆ 2019ರ ನವೆಂಬರ್‌ನಲ್ಲಿ, ಬೀದರಿಗೆ 2020ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನಗಳು ಬಂದವು. ಆದರೂ ರಿಯಾದ್, ಜಿದ್ದಾ, ದಮ್ಮಾಮ್, ದುಬೈಯಿಂದ ಬರುವ ನಮ್ಮವರ ಹೆಬ್ಬಾಗಿಲು ಹೈದರಾಬಾದೇ.

ಊರು ಮುಟ್ಟಿದವನಿಗೆ ಅಗಸಿಯಲ್ಲೇ ಎರಡು ಪ್ರಶ್ನೆಗಳು ಎದುರಾಗುತ್ತವೆ. ‘ಯಾವಾಗ ಬಂದೆ?’ ಎಂಬುದು ಮೊದಲನೆಯದು. ‘ಮತ್ತೆ ಯಾವಾಗ ಹೋಗುತ್ತೀ?’ ಎಂಬುದು ಅದರ ಬೆನ್ನಿಗೇ ಬರುವ ಎರಡನೆಯದು. ದಮ್ಮಾಮ್‌ನಲ್ಲಿ ಹತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿ ದುಡಿದ ನನ್ನ ಅಣ್ಣ 2018ರಲ್ಲಿ ಬಂದು ‘ಇನ್ನು ಹೋಗುವುದಿಲ್ಲ’ ಎಂದಾಗ ಕೇಳಿದವರೆಲ್ಲ ಒಂದು ಗಳಿಗೆ ಮಾತು ನಿಲ್ಲಿಸುತ್ತಿದ್ದರು. ‘ಅಲ್ಲೇನಾದರೂ ಆಯಿತೇನಪ್ಪಾ?’ ಎಂದು ನಮ್ಮ ಕಾಕಾ ದನಿ ತಗ್ಗಿಸಿ ಕೇಳಿದ್ದು ನನಗಿನ್ನೂ ನೆನಪಿದೆ. ಹೋದವನನ್ನು ಯಾರೂ ಕಾರಣ ಕೇಳಿರಲಿಲ್ಲ. ಬಂದವನು ಮಾತ್ರ ಮನೆಮನೆಗೂ ಕಾರಣ ಒಪ್ಪಿಸಬೇಕಾಯಿತು.

ಜನ ಹೊರದೇಶ ಬಿಟ್ಟು ಏಕೆ ಬರುತ್ತಾರೆ ಎಂಬುದು ಹೊಸ ಪ್ರಶ್ನೆಯಲ್ಲ. ವಲಸೆಯ ಪ್ರತಿ ದೊಡ್ಡ ಹರಿವಿನ ಜೊತೆ ಅದಕ್ಕೆದುರಾದ ಇನ್ನೊಂದು ಹರಿವೂ ಹುಟ್ಟುತ್ತದೆ ಎಂದು ಭೂಗೋಳಶಾಸ್ತ್ರಜ್ಞ ರಾವೆನ್‌ಸ್ಟೈನ್ 1885ರಲ್ಲೇ ಬರೆದಿದ್ದ. ಆದರೆ ಬೀದರ್, ಕಲಬುರಗಿ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಈ ಪ್ರಶ್ನೆಯನ್ನು ಕೇಳುವ ಮೊದಲು ಎರಡು ಬಗೆಯ ವಲಸೆಯನ್ನು ಬೇರೆ ಮಾಡಿ ನೋಡಬೇಕು. ಅಮೆರಿಕಕ್ಕೋ ಕೆನಡಾಕ್ಕೋ ಹೋದವನಿಗೆ ಅಲ್ಲೇ ನೆಲೆಯೂರುವ ದಾರಿ, ಎಷ್ಟೇ ಉದ್ದವಿರಲಿ, ಇದೆ. ಕೊಲ್ಲಿಗೆ ಹೋದ ಚಾಲಕನಿಗೆ, ಮೇಸ್ತ್ರಿಗೆ, ಏಸಿ ಮೆಕ್ಯಾನಿಕ್‌ಗೆ ಆ ದಾರಿಯೇ ಇಲ್ಲ. ಸೌದಿಯಲ್ಲಿ ಇಪ್ಪತ್ತೈದು ವರ್ಷ ದುಡಿದರೂ ಅವನು ಇಕಾಮಾದ, ಅಂದರೆ ಅವಧಿಗೊಮ್ಮೆ ನವೀಕರಿಸಬೇಕಾದ ವಾಸದ ಪರವಾನಗಿಯ ಮೇಲೆಯೇ ಇರುತ್ತಾನೆ. ಕೆಲಸ ಹೋದರೆ ಇಕಾಮಾ ಹೋಯಿತು, ಇಕಾಮಾ ಹೋದರೆ ‘ಖುರೂಜ್’, ಅಂದರೆ ಕೊನೆಯ ನಿರ್ಗಮನದ ಮುದ್ರೆ. ಅವನು ಮರಳುವುದು ಹೊರಟ ದಿನವೇ ಗೊತ್ತಿರುವ ಸಂಗತಿ. ಹಾಗಿರುವಾಗ ‘ಏಕೆ ಬಂದೆ’ ಎಂದು ಅವನನ್ನು ಕೇಳಿ ಫಲವಿಲ್ಲ. ‘ಈಗಲೇ ಏಕೆ ಬಂದೆ’ ಎಂದು ಕೇಳಿದರೆ ನಿಜವಾದ ಉತ್ತರಗಳು ಸಿಗುತ್ತವೆ. ಆ ಉತ್ತರಗಳಲ್ಲಿ ಹೆಚ್ಚಿನವು ದಮ್ಮಾಮ್‌ನಲ್ಲಿ ಹುಟ್ಟಿದವಲ್ಲ, ಆಳಂದದಲ್ಲೋ ಶಹಾಪುರದಲ್ಲೋ ಅವನ ಮನೆಯೊಳಗೆ ಹುಟ್ಟಿದವು ಎಂಬುದು ನನ್ನ ಅನುಭವ.

ಮನೆಯ ಮಾತಿಗೆ ಬರುವ ಮುನ್ನ ದೂಡಿ ಕಳಿಸಿದ ಕಾಲಗಳನ್ನು ಹೇಳಿಬಿಡಬೇಕು. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದಾಗ 1.7 ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. 2011ರಲ್ಲಿ ಸೌದಿ ಸರ್ಕಾರ ‘ನಿತಾಕತ್’ ಜಾರಿಗೆ ತಂದಿತು. ಯಾವ ಕಂಪನಿ ಎಷ್ಟು ಸೌದಿ ಪ್ರಜೆಗಳನ್ನು ಇಟ್ಟುಕೊಂಡಿದೆ ಎಂದು ನೋಡಿ ಬಣ್ಣಬಣ್ಣದ ದರ್ಜೆ ಕೊಡುವ ವ್ಯವಸ್ಥೆ ಅದು. ಅದರ ಬಿಸಿ ನಮ್ಮವರಿಗೆ ತಟ್ಟಿದ್ದು 2013ರಲ್ಲಿ. ಏಜೆಂಟರ ಭಾಷೆಯ ‘ಆಜಾದ್ ವೀಸಾ’ದ ಮೇಲೆ ಹೋದವರು, ಅಂದರೆ ಒಬ್ಬ ಕಫೀಲನ (ಪ್ರಾಯೋಜಕ ಮಾಲೀಕನ) ಹೆಸರಿನಲ್ಲಿ ವೀಸಾ ಪಡೆದು ಇನ್ನೊಬ್ಬರ ಬಳಿ ದುಡಿಯುತ್ತಿದ್ದವರು, ಏಕಾಏಕಿ ಅಕ್ರಮ ವಾಸಿಗಳಾದರು. ದಂಡವಿಲ್ಲದೆ ದಾಖಲೆ ಸರಿಪಡಿಸಿಕೊಳ್ಳಲು ಅಥವಾ ದೇಶ ಬಿಡಲು ಕೊಟ್ಟ ಗಡುವು ಆ ವರ್ಷದ ನವೆಂಬರ್ ಆರಂಭಕ್ಕೆ ಮುಗಿಯಿತು. ಬಹಳಷ್ಟು ಜನ ಚೀಲ ಕಟ್ಟಿದರು.

2017ರ ಜುಲೈನಲ್ಲಿ ಬಂದ ಪೆಟ್ಟು ಇಷ್ಟು ಸದ್ದು ಮಾಡಲಿಲ್ಲ, ಆದರೆ ಹೆಚ್ಚು ಆಳಕ್ಕೆ ಹೋಯಿತು. ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಂಡ ಪರದೇಶಿ ನೌಕರನು ಅವಲಂಬಿತರಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್ ಕಟ್ಟಬೇಕೆಂದು ಸೌದಿ ಸರ್ಕಾರ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ ಅದು 2020ರ ಜುಲೈಗೆ 400 ರಿಯಾಲ್ ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳಿರುವ ಲೆಕ್ಕಿಗನೊಬ್ಬ ಮೊದಲ ವರ್ಷ 3,600 ರಿಯಾಲ್ ಕಟ್ಟಿದರೆ, ನಾಲ್ಕನೆಯ ವರ್ಷದ ದರದಲ್ಲಿ 14,400 ರಿಯಾಲ್ ಕಟ್ಟಬೇಕಾಯಿತು, ಅದೂ ಇಕಾಮಾ ನವೀಕರಣದ ಹೊತ್ತಿಗೆ ಮುಂಗಡವಾಗಿ. 2018ರ ಜನವರಿಯಲ್ಲಿ ಶೇ 5ರಷ್ಟು ಬಂದ ಮೌಲ್ಯವರ್ಧಿತ ತೆರಿಗೆ 2020ರ ಜುಲೈನಲ್ಲಿ ಶೇ 15ಕ್ಕೆ ಏರಿತು. ಆಗ ಮೊದಲು ಹೆಂಡತಿ ಮಕ್ಕಳು ಕಲಬುರಗಿಗೆ ಬಂದರು. ಗಂಡ ಒಂದು ಕೋಣೆಯಲ್ಲಿ ಐದಾರು ಜನರೊಡನೆ ಹಾಸಿಗೆ ಹಾಕಿದ. ಎರಡು ಮೂರು ವರ್ಷಗಳಲ್ಲಿ ಅವನೂ ಬಂದ. ಕೆಲಸ ಕಳೆದುಕೊಂಡು ಬಂದವರ ಲೆಕ್ಕದಲ್ಲಿ ಇಂಥವರು ಸೇರುವುದೇ ಇಲ್ಲ, ಏಕೆಂದರೆ ಇವರನ್ನು ಯಾರೂ ಕೆಲಸದಿಂದ ತೆಗೆದಿರಲಿಲ್ಲ.

ಆಮೇಲೆ ಕೋವಿಡ್ ಬಂತು. 2020ರ ಮೇ 7ರಂದು ಆರಂಭವಾದ ವಂದೇ ಭಾರತ್ ಮಿಷನ್ ವಿಮಾನಗಳಲ್ಲಿ ಬಂದವರು ಪೇಟೆಯ ಹೋಟೆಲುಗಳಲ್ಲಿ, ವಸತಿಗೃಹಗಳಲ್ಲಿ ಕ್ವಾರಂಟೈನ್ ದಿನ ಎಣಿಸಿದರು.

ಜೀವ ಉಳಿದರೆ ಸಾಕೆಂದು ಮರಳಿದವರೂ ಇದ್ದಾರೆ. ದುಬೈಯಲ್ಲಿ ದುಡಿಯುತ್ತಿದ್ದ ಕಲಬುರಗಿಯ ಕೆಲವು ಯುವಕರನ್ನು ಭದ್ರತಾ ಸಹಾಯಕರ ಕೆಲಸವೆಂದು ನಂಬಿಸಿ ರಷ್ಯಾಕ್ಕೆ ಕರೆದೊಯ್ದು ಉಕ್ರೇನ್ ಯುದ್ಧಭೂಮಿಗೆ ತಳ್ಳಲಾಗಿತ್ತು. ಅವರು ಮನೆ ಸೇರಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಅದೇ ವರ್ಷ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ಸತ್ತ ಕನಿಷ್ಠ 45 ಭಾರತೀಯರಲ್ಲಿ ಕಲಬುರಗಿ ಜಿಲ್ಲೆಯವರೊಬ್ಬರಿದ್ದರು. ಆ ವಾರ ಈ ಕಡೆಯ ಎಷ್ಟೋ ಮನೆಗಳಿಂದ ಕೊಲ್ಲಿಗೆ ಹೋದ ಕರೆಗಳಲ್ಲಿ ಇದ್ದದ್ದು ಒಂದೇ ಮಾತು: ‘ಸಾಕು, ಬಂದುಬಿಡು.’

ಅಷ್ಟು ಕೇಳಿಯೂ ಬಹಳ ಜನ ಬರುವುದಿಲ್ಲ. ಅವರನ್ನು ಹಿಡಿದಿಡುವುದು ಗುರಿಯ ಹಣ. ಕೊಲ್ಲಿಗೆ ಹೋಗುವವನು ಸಾಮಾನ್ಯವಾಗಿ ಒಂದು ಮೊತ್ತವನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗುತ್ತಾನೆ: ಏಜೆಂಟನ ಸಾಲ, ತಂಗಿಯ ಮದುವೆ, ಎರಡು ಕೋಣೆಯ ಆರ್‌ಸಿಸಿ ಮನೆ, ಹೊಲದಲ್ಲಿ ಒಂದು ಕೊಳವೆ ಬಾವಿ. ಮೊತ್ತ ಕೈಗೂಡಿದರೆ ಬರುತ್ತಾನೆ ಎಂದು ಅರ್ಥಶಾಸ್ತ್ರ ಹೇಳುತ್ತದೆ. ಹಾಗಾದರೆ ಹೆಚ್ಚು ಗಳಿಸುವವನು ಬೇಗ ಮರಳಬೇಕು. 2013ರ ಆರಂಭದಲ್ಲಿ ಒಂದು ರಿಯಾಲ್‌ಗೆ ಹದಿನಾಲ್ಕೂವರೆ ರೂಪಾಯಿಯ ಆಸುಪಾಸು ಸಿಗುತ್ತಿತ್ತು. 2025ರ ಹೊತ್ತಿಗೆ ಅದು 23ರ ಸುತ್ತಮುತ್ತ ಬಂತು. ರೂಪಾಯಿ ಬಿದ್ದಷ್ಟೂ ಗುರಿ ಹತ್ತಿರವಾಗಬೇಕಿತ್ತಲ್ಲವೇ? ಆಗಲಿಲ್ಲ. ಕಲಬುರಗಿಯ ವರ್ತುಲ ರಸ್ತೆಯ ಆಚೀಚೆ ನಿವೇಶನದ ಬೆಲೆ ರಿಯಾಲ್‌ಗಿಂತ ಜೋರಾಗಿ ಓಡಿತು. ಮನೆ ಮುಗಿಯುವಷ್ಟರಲ್ಲಿ ಮಗಳ ಕಾಲೇಜು ಬಂತು, ಅದು ಮುಗಿಯುವಷ್ಟರಲ್ಲಿ ಮದುವೆ ಬಂತು. ಎರಡು ವರ್ಷಕ್ಕೆಂದು ಹೋದವರು ಹನ್ನೆರಡು ವರ್ಷ ಉಳಿಯುವುದು ಹೀಗೆ. ದುರಾಸೆ ಎಂದು ಇದನ್ನು ಜರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತೊಗರಿಗೆ ನೆಟೆ ರೋಗ ಬಂದ ವರ್ಷ ಮನೆಯ ಒಲೆ ಆರದಂತೆ ನೋಡಿಕೊಂಡದ್ದು ಅದೇ ರಿಯಾಲ್.

ಕಾನೂನಿನ ಇನ್ನೊಂದು ಕಲಮು ಜನರನ್ನು ತಡೆದು ನಿಲ್ಲಿಸುತ್ತದೆ, ಅದನ್ನು ಇಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಸೇವೆ ಮುಗಿಸಿದವನಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಸಂಬಳ ಸಿಗಬೇಕು. ಆದರೆ ತಾನಾಗಿ ರಾಜೀನಾಮೆ ಕೊಟ್ಟರೆ ಲೆಕ್ಕ ಬದಲಾಗುತ್ತದೆ. ಎರಡು ವರ್ಷದೊಳಗೆ ಬಿಟ್ಟರೆ ಏನೂ ಇಲ್ಲ, ಐದು ವರ್ಷದೊಳಗಾದರೆ ಮೂರರಲ್ಲೊಂದು ಪಾಲು, ಹತ್ತು ವರ್ಷದೊಳಗಾದರೆ ಮೂರರಲ್ಲೆರಡು ಪಾಲು, ಹತ್ತು ತುಂಬಿದರೆ ಪೂರ್ತಿ. ಮನೆಚಾಲಕರಿಗೆ, ಮನೆಗೆಲಸದವರಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಅವರ ನಿಯಮವೇ ಬೇರೆ, ನಾಲ್ಕು ವರ್ಷ ಸತತ ದುಡಿದರೆ ಒಂದು ತಿಂಗಳ ಸಂಬಳ.

ನನ್ನ ಅಣ್ಣನ ಕೊನೆಯ ಸಂಬಳ 2,400 ರಿಯಾಲ್. ಒಂಬತ್ತೂವರೆ ವರ್ಷಕ್ಕೆ ಬಿಟ್ಟಿದ್ದರೆ ಅವನಿಗೆ ಸಿಗುತ್ತಿದ್ದದ್ದು 11,200 ರಿಯಾಲ್. ಹತ್ತು ತುಂಬಿಸಿದರೆ 18,000. ಆರು ತಿಂಗಳ ಅಂತರದಲ್ಲಿ 6,800 ರಿಯಾಲ್, ಆಗಿನ ದರದಲ್ಲಿ ಸುಮಾರು 1.2 ಲಕ್ಷ ರೂಪಾಯಿ. ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದದ್ದು ಅಣ್ಣನ ಹತ್ತನೆಯ ವರ್ಷದಲ್ಲಿ. ‘ಇನ್ನು ಆರು ತಿಂಗಳು’ ಎಂದು ಅವನೂ ಹೇಳಿದ, ಮನೆಯಲ್ಲಿ ನಾವೂ ಹಾಗೆಯೇ ಹೇಳಿದೆವು. ಅಪ್ಪ ಆ ಆರು ತಿಂಗಳು ಕಾಯಲಿಲ್ಲ. ಹೋಗಿಬರುವ ವೀಸಾ ಕೊಡಲು ಅಣ್ಣ ದುಡಿಯುತ್ತಿದ್ದ ಕಂಪನಿ ನಾಲ್ಕು ದಿನ ತೆಗೆದುಕೊಂಡಿತು. ಅಣ್ಣ ಅಪ್ಪನ ಮಣ್ಣಿಗೆ ಸಿಗಲಿಲ್ಲ. ಮತ್ತೆ ಹೋಗಿ ಹತ್ತು ವರ್ಷ ತುಂಬಿಸಿ ಬಂದ.

ಇಟಲಿಯ ದಕ್ಷಿಣ ಭಾಗದಿಂದ ಅಮೆರಿಕಕ್ಕೆ ಹೋಗಿ ಮರಳಿದವರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಫ್ರಾನ್ಸೆಸ್ಕೊ ಚೆರಾಸೆ 1974ರಲ್ಲಿ ಮರಳುವವರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಹೋದಲ್ಲಿ ನೆಲೆ ಸಿಗದೆ ಸೋತು ಬಂದವರು, ಊರಿನ ಹೊಲಮನೆಗೆಂದೇ ಹಣ ಕೂಡಿಸಿ ಬಂದವರು, ವಯಸ್ಸಾದ ಮೇಲೆ ವಿಶ್ರಾಂತಿಗೆ ಬಂದವರು, ಕಲಿತದ್ದನ್ನು ಊರಲ್ಲಿ ಬಿತ್ತಲು ಬಂದವರು. ಅರ್ಧ ಶತಮಾನ ಕಳೆದರೂ ಈ ವಿಂಗಡಣೆ ಬಾಳಿಕೆ ಬಂದಿದೆ. ಆದರೆ ನಾನು ಬಲ್ಲ ಮನೆಗಳನ್ನು ಅದರಲ್ಲಿ ಕೂರಿಸಲು ಹೋದರೆ ಒಂದು ಜಾಗ ಸಾಲದೆ ಬರುತ್ತದೆ. ಹೆತ್ತವರ ಹಾಸಿಗೆಯ ಬಳಿ ನಿಲ್ಲಲು ಬಂದವರನ್ನು ಎಲ್ಲಿ ಇಡಬೇಕು? ಅವರು ಸೋತಿಲ್ಲ, ಗುರಿ ಮುಟ್ಟಿಲ್ಲ, ವಯಸ್ಸೂ ಆಗಿಲ್ಲ. ‘ಅವ್ವ ನಿನ್ನೆಯಿಂದ ನಿನ್ನ ಹೆಸರನ್ನೇ ಹೇಳುತ್ತಿದ್ದಾಳೆ’ ಎಂಬ ಒಂದು ಕರೆ ಸಾಕಾಗಿರುತ್ತದೆ. ಕೊಲ್ಲಿಗೆ ಹೆತ್ತವರನ್ನು ಕರೆಸಿಕೊಂಡು ಸಾಕುವುದು ಸಾಮಾನ್ಯ ಕಾರ್ಮಿಕನಿಗೆ ಆಗದ ಮಾತು.

ಈ ತೀರ್ಮಾನ ಹೆಚ್ಚಾಗಿ ಗಟ್ಟಿಯಾಗುವುದು ರಜೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬಂದೇನವಾಜರ ಉರುಸಿಗೋ ಶರಣಬಸವೇಶ್ವರರ ಜಾತ್ರೆಗೋ ಹೊಂದಿಸಿಕೊಂಡು ಬಂದವನಿಗೆ ಫೋನಿನಲ್ಲಿ ಕಾಣದ್ದು ಕಾಣುತ್ತದೆ. ಅಪ್ಪನ ನಡಿಗೆ ನಿಧಾನವಾಗಿರುತ್ತದೆ. ಹೊಲದ ಬದು ಪಕ್ಕದವನ ಕಡೆಯಿಂದ ಒಳಕ್ಕೆ ಒಂದು ಗೇಣು ಸರಿದಿರುತ್ತದೆ. ಮಗ ಏನೇ ಬೇಕಾದರೂ ಮಾವನನ್ನು ಕೇಳುತ್ತಾನೆ. ಈ ಕೊನೆಯದು ಅನೇಕರನ್ನು ಒಳಗೇ ಕುಸಿಯುವಂತೆ ಮಾಡುತ್ತದೆ. ಮಕ್ಕಳ ಹತ್ತನೆಯ ತರಗತಿ ಇನ್ನೊಂದು ಗಡಿ. ಕುಟುಂಬ ಸಮೇತ ಕೊಲ್ಲಿಯಲ್ಲಿರುವವರು ಮಕ್ಕಳು ಹತ್ತು ಅಥವಾ ಹನ್ನೆರಡು ಮುಗಿಸುವ ಹೊತ್ತಿಗೆ ಊರಿನ ಕಡೆ ಮುಖ ಮಾಡುತ್ತಾರೆ. ಇದಕ್ಕೆ ನಮ್ಮ ಭಾಗದಲ್ಲಿ ಇನ್ನೊಂದು ಕಾರಣ ಸೇರಿದೆ. 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಬಂದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದೊಳಗಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ವೈದ್ಯಕೀಯ ಸೀಟಿನ ಆಸೆಯಿರುವ ತಂದೆತಾಯಿ ಈ ಮೀಸಲಾತಿಯನ್ನೂ ಅದಕ್ಕೆ ಬೇಕಾದ ಸ್ಥಳೀಯ ಪ್ರಮಾಣಪತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಟಿಕೆಟ್ ಕಾದಿರಿಸುತ್ತಾರೆ.

ಮನೆಯಲ್ಲಿ ಉಳಿದ ಹೆಂಡತಿಯ ಮಾತನ್ನು ವಲಸೆಯ ಚರ್ಚೆಗಳಲ್ಲಿ ಕೇಳಿದ್ದು ಕಡಿಮೆ. ನನ್ನ ಅತ್ತಿಗೆ ಹತ್ತು ವರ್ಷದಲ್ಲಿ ಬ್ಯಾಂಕು, ಪಹಣಿ, ತೊಗರಿ ಮಾರಾಟ, ಮಕ್ಕಳ ಶಾಲೆ, ಅತ್ತೆಮಾವನ ಆಸ್ಪತ್ರೆ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದಳು. ‘ನೀವು ಬನ್ನಿ, ಇದ್ದುದರಲ್ಲೇ ಉಣ್ಣೋಣ’ ಎಂದು ಕೊನೆಗೆ ಗಟ್ಟಿಯಾಗಿ ಹೇಳಿದವಳೂ ಅವಳೇ. ಆದರೆ ಅಣ್ಣ ಬಂದ ಮೊದಲ ವರ್ಷ ಆ ಮನೆಯಲ್ಲಿ ಸುಖವಿರಲಿಲ್ಲ. ಯಾವ ಡಬ್ಬದಲ್ಲಿ ಏನಿದೆ, ಯಾರಿಗೆ ಎಷ್ಟು ಸಾಲ ಕೊಟ್ಟಿದೆ, ಮಗಳು ಎಷ್ಟು ಹೊತ್ತಿಗೆ ಟ್ಯೂಷನ್‌ನಿಂದ ಬರುತ್ತಾಳೆ ಎಂಬುದೆಲ್ಲ ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಯಜಮಾನಿಕೆಯನ್ನು ತಿರುಗಿ ಕೇಳುವ ಗಂಡ, ಕೊಡಲು ಕಾರಣ ಕಾಣದ ಹೆಂಡತಿ. ಈ ವಿಷಯವನ್ನು ಎಷ್ಟೋ ಮನೆಗಳು ಹೊರಗೆ ಆಡುವುದಿಲ್ಲ. ಬಂದವರು ಒಂದೆರಡು ವರ್ಷದಲ್ಲಿ ಮತ್ತೆ ಹೊಸ ವೀಸಾ ಹುಡುಕುವುದಕ್ಕೆ ದುಡ್ಡಿನ ಕೊರತೆಯಷ್ಟೇ ಇದೂ ಕಾರಣ.

ಅಮೆರಿಕದವರ ಕತೆ ಬೇರೆ, ನಮ್ಮಲ್ಲಿ ಅವರ ಸಂಖ್ಯೆಯೂ ಕಡಿಮೆ. ದೇಶದ ಒಟ್ಟು ಲೆಕ್ಕದಲ್ಲಿ ಮಾತ್ರ ಅವರು ದೊಡ್ಡವರು. ರಿಸರ್ವ್ ಬ್ಯಾಂಕಿನ ಸಮೀಕ್ಷೆಯಂತೆ 2023-24ರಲ್ಲಿ ಭಾರತಕ್ಕೆ ಬಂದ ಹಣದಲ್ಲಿ ಶೇ 27.7 ಅಮೆರಿಕದ್ದು, ಶೇ 19.2 ಯುಎಇಯದ್ದು. ಕಲಬುರಗಿಯಲ್ಲೋ ಬೀದರಿನಲ್ಲೋ ಎಂಜಿನಿಯರಿಂಗ್ ಓದಿ ಟೆಕ್ಸಸ್ ಸೇರಿದವನಿಗೆ ಉದ್ಯೋಗದ ಎಚ್-1ಬಿ ವೀಸಾದ ಅವಧಿ ಸಾಮಾನ್ಯವಾಗಿ ಆರು ವರ್ಷ. ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲದ ಕಾರಣ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಜೊತೆಯಲ್ಲಿ ಕರೆದೊಯ್ದ ಮಗುವಿಗೆ 21 ತುಂಬಿದರೆ ಅಪ್ಪನ ಅರ್ಜಿಯ ಆಸರೆ ತಪ್ಪುತ್ತದೆ. ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದ ರಾತ್ರಿ, ರಜೆಗೆ ಬಂದಿದ್ದವರ ಮನೆಗಳಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಇವರ ಮರಳುವಿಕೆಯಲ್ಲಿ ನನ್ನನ್ನು ನೋಯಿಸುವುದು ಬೇರೊಂದು ಸಂಗತಿ. ಇವರು ದೇಶಕ್ಕೆ ಬರುತ್ತಾರೆ, ಊರಿಗೆ ಬರುವುದಿಲ್ಲ. ವಿಮಾನ ಇಳಿಯುವುದು ಬೆಂಗಳೂರಿನಲ್ಲಿ ಅಥವಾ ಹೈದರಾಬಾದಿನಲ್ಲಿ, ಬಾಳು ಕಟ್ಟುವುದೂ ಅಲ್ಲೇ. ಕಲಬುರಗಿಯ ಅಪ್ಪ ಅಮ್ಮನಿಗೆ ಮಗ ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಿಂದ ಆರುನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದ ಹಾಗೆ. ಅಮೆರಿಕದ ಪೌರತ್ವ ಪಡೆದು ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಹೊಂದಿದವರು ಇಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಪಡೆಯಬಹುದು. ಹಾಗಾಗಿ ಅಪ್ಪನ ನಾಲ್ಕೆಕರೆ ಹೊಲವೇ ಅವರನ್ನು ಊರಿಗೆ ಕಟ್ಟಿಹಾಕಿದ ಕೊನೆಯ ಹಗ್ಗ.

ಬಂದವರು ಉಳಿಯುತ್ತಾರೋ ಇಲ್ಲವೋ ಎಂಬುದನ್ನು ಬಂದ ಕಾರಣಕ್ಕಿಂತ ಬರುವಾಗಿನ ಸಿದ್ಧತೆ ನಿರ್ಧರಿಸುತ್ತದೆ ಎಂಬ ವಾದವನ್ನು ಕಸ್ಸಾರಿನೊ ಎಂಬ ವಿದ್ವಾಂಸ 2004ರಲ್ಲಿ ಮುಂದಿಟ್ಟ. ಮನಸ್ಸಿರಬೇಕು, ಜೊತೆಗೆ ಕೈಯಲ್ಲಿ ಹಣ, ಕಸುಬು, ಪರಿಚಯಗಳೂ ಕೂಡಿಬಂದಿರಬೇಕು. ಖುರೂಜ್ ಮುದ್ರೆ ಬಿದ್ದು ಮೂರು ದಿನದಲ್ಲಿ ಬಂದಿಳಿದವನಿಗೆ ಅದಾವುದಕ್ಕೂ ಸಮಯವಿರುವುದಿಲ್ಲ. ಇಲ್ಲಿ ಸರ್ಕಾರದ ಕೈ ಬೇಕು. ಹತ್ತನೆಯ ತರಗತಿ ಪಾಸಾಗದವರು ಕೊಲ್ಲಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಬೇಕು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಇಂಥ ಜಿಲ್ಲೆಯಿಂದ ಹೋಗುವ ಕಾರ್ಮಿಕರಲ್ಲಿ ಬಹುಪಾಲು ಈ ಪಟ್ಟಿಗೆ ಸೇರುತ್ತಾರೆ. ಅನುಮತಿ ಪತ್ರದಲ್ಲಿ ಹೋದವನ ಹೆಸರು, ಕೆಲಸ, ದೇಶ ಎಲ್ಲ ದಾಖಲಾಗುತ್ತದೆ. ಅವನು ಬಂದದ್ದನ್ನು ಯಾವ ತಾಲ್ಲೂಕು ಕಚೇರಿಯೂ ಬರೆದುಕೊಳ್ಳುವುದಿಲ್ಲ. ಕೋವಿಡ್ ವೇಳೆ ಮರಳಿದವರ ಕೌಶಲ ದಾಖಲಿಸಲು ಕೇಂದ್ರ ಸರ್ಕಾರ ‘ಸ್ವದೇಸ್’ ಎಂಬ ಕಾರ್ಡ್ ತಂದಿತ್ತು. ಅದು ಸಂಕಟದ ಕಾಲದ ಏರ್ಪಾಡು, ವರ್ಷವೂ ಬರುವವರಿಗೆ ಬೇಕಾದದ್ದು ಶಾಶ್ವತವಾದದ್ದು. ಕೇರಳ 1996ರಲ್ಲೇ ಹೊರಗಿರುವ ಕೇರಳಿಗರಿಗೆಂದು ‘ನೋರ್ಕಾ’ ಇಲಾಖೆ ತೆರೆದಿದೆ. ಎರಡು ವರ್ಷವಾದರೂ ಹೊರಗೆ ದುಡಿದು ಮರಳಿದವರು 30 ಲಕ್ಷ ರೂಪಾಯಿವರೆಗಿನ ಉದ್ಯಮ ಹೂಡಿದರೆ ಅಲ್ಲಿ ಶೇ 15ರಷ್ಟು, ಗರಿಷ್ಠ 3 ಲಕ್ಷ ರೂಪಾಯಿ, ಬಂಡವಾಳ ಸಹಾಯಧನ ಸಿಗುತ್ತದೆ.

ಸೇಡಂ, ವಾಡಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಕ್ರೇನ್ ನಡೆಸಬಲ್ಲವರು, ಭಾರಿ ವಾಹನ ಓಡಿಸಬಲ್ಲವರು, ಕೈಗಾರಿಕಾ ವಿದ್ಯುತ್ ಜಾಲ ಬಲ್ಲವರು ಕೊಲ್ಲಿಯಿಂದ ಇದೇ ಜಿಲ್ಲೆಗೆ ಇಳಿಯುತ್ತಿದ್ದಾರೆ. ಆ ಕಾರ್ಖಾನೆಗಳಿಗೆ ಇವರನ್ನು ಪರಿಚಯಿಸುವ ಒಂದು ಕಿಟಕಿ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ತೆರೆಯಲು ಹೊಸ ಕಾನೂನೇನೂ ಬೇಡ. ನನ್ನ ಅಣ್ಣನ ಹತ್ತು ವರ್ಷದ ಅನುಭವಕ್ಕೆ ಇಲ್ಲಿ ದಾಖಲೆ ಕೇಳಿದರು. ಅರಬಿಯಲ್ಲಿದ್ದ ಪ್ರಮಾಣಪತ್ರವನ್ನು ಯಾರೂ ಓದಲಿಲ್ಲ. ಅವನು ಸೇವಾಂತ್ಯದ ಹಣದಲ್ಲಿ ಒಂದು ಭಾಗ ಹಾಕಿ ಮೋಟಾರ್ ವೈಂಡಿಂಗ್ ಅಂಗಡಿ ತೆರೆದ. ಬೇಸಿಗೆಯಲ್ಲಿ ಕೊಳವೆ ಬಾವಿಯ ಪಂಪುಗಳು ಸುಟ್ಟಾಗ ಕೈತುಂಬ ಕೆಲಸ, ಮಳೆಗಾಲದಲ್ಲಿ ಕಡಿಮೆ.

ಕಳೆದ ವರ್ಷ ಅವನ ಮಗ ಐಟಿಐ ಮುಗಿಸಿದ. ಪಾಸ್‌ಪೋರ್ಟ್ ಅರ್ಜಿಗೆ ಅಣ್ಣನೇ ಅವನೊಡನೆ ಹೋದ. ಬಂದ ಮೇಲೆ ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆ ತೆರೆದು, ಎಷ್ಟು ದುಡ್ಡು ಬೇಕು, ಯಾವುದಕ್ಕೆ ಬೇಕು, ಯಾವ ವರ್ಷ ತಿರುಗಿ ಬರುತ್ತೀ ಎಂದು ಮಗನ ಕೈಯಲ್ಲೇ ಬರೆಸಿದ. ಹುಡುಗ 2030 ಎಂದು ಬರೆದ. ಅತ್ತಿಗೆ ಬಂದು ನೋಡಿ, ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ತಿಂಗಳನ್ನೂ ಸೇರಿಸಿದಳು.